ಅಮ್ಮಿಣಿಯಮ್ಮ ಮತ್ತು ಕಣಿಯ ಕನ್ನಡಿ

ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು ಅಮ್ಮಿಣಿಯಮ್ಮನ ಕಸುಬು. ಕೇರಳದ ಒಟ್ಟಪಾಲಂ ದಾಟಿದ ಮೇಲೆ ಹೊಳೆಯ ಈಚೆ ದಡದಲ್ಲಿರುವ ನಮ್ಮೂರಿನಲ್ಲಿ ನಲವತ್ತಾರು ವರ್ಷಗಳಿಂದ ಆ ಕೆಲಸ ಅವರದೇ. ಈಗ ಎಪ್ಪತ್ತೊಂದು ವಯಸ್ಸು. ತಲೆಗೂದಲಲ್ಲಿ ಕಪ್ಪು ಎಂಬುದು ಒಂದೆಳೆಯೂ ಉಳಿದಿಲ್ಲ. ಕಣ್ಣಿನ ತುದಿಯಿಂದ ಕಿವಿಯವರೆಗೆ ಬೀಸಣಿಗೆ ಬಿಚ್ಚಿದಂತೆ ಸುಕ್ಕು. ಆದರೆ ಆ ಸುಕ್ಕುಗಳ ಸಂದಿಯಲ್ಲೂ ಚರ್ಮ ಒಣಗಿದ್ದನ್ನು ನಾನು ಕಂಡಿಲ್ಲ. ಏನು ಹಚ್ಚುತ್ತೀರಿ ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ: "ನಿನ್ನೆ ಹಚ್ಚಿದ್ದನ್ನೇ."

ನಿನ್ನೆ ಹಚ್ಚಿದ್ದೆಂದರೆ ಮನೆಯಲ್ಲೇ ಕಾಸಿದ ತೆಂಗಿನೆಣ್ಣೆ. ಅದನ್ನು ತೊಳೆಯಲು ಹೆಸರುಕಾಳಿನ ಹಿಟ್ಟು. ವಾರಕ್ಕೆರಡು ಬಾರಿ ಹಿತ್ತಲಲ್ಲಿ ತಾವೇ ಬೆಳೆದ ಕಸ್ತೂರಿ ಅರಿಶಿನ, ಹಾಲಿನಲ್ಲಿ ಕಲಸಿ. ಅಷ್ಟೇ. ಅವರಿಗೆ ಅಳತೆಯ ಚಮಚವಿಲ್ಲ, ಅಂಗೈಯ ಗುಳಿಯೇ ಅಳತೆ. ಹೊಸಬರಿಗೆ ಏನನ್ನೇ ಕೊಡಲಿ, ಮೊದಲು ಮೊಣಕೈಯ ಒಳಬದಿಗೆ ಬೊಟ್ಟಿನಷ್ಟು ಹಚ್ಚಿ ಒಂದು ಹಗಲು ಒಂದು ರಾತ್ರಿ ಕಾಯಿಸುತ್ತಾರೆ. "ಒಗ್ಗುತ್ತೋ ಇಲ್ವೋ ಅಂತ ನಿನ್ನ ಚರ್ಮಾನೇ ಕೇಳು, ನನ್ನನ್ನಲ್ಲ," ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಅವರು ಈ ನಿಯಮ ತಪ್ಪಿದ್ದು, ನನಗೆ ತಿಳಿದಂತೆ, ಒಂದೇ ಸಲ.

ಈ ವರ್ಷ ಮಾರ್ಚ್ ಮೊದಲ ವಾರದಲ್ಲಿ ನಮ್ಮ ಪಕ್ಕದ ಮನೆಯ ವಿಲಾಸಿನಿ ಟೀಚರ ಮಗಳು ಜಿಷ ಹೆತ್ತು ಮನೆಗೆ ಬಂದಳು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅಮ್ಮಿಣಿಯಮ್ಮ ಹಾಜರು. ಇಪ್ಪತ್ತೆಂಟು ವರ್ಷಗಳ ಹಿಂದೆ ಜಿಷ ಹುಟ್ಟಿದಾಗ ಟೀಚರಿಗೂ ನೀರು ಹಾಕಿದ್ದು ಅವರೇ.

ಬಚ್ಚಲ ಹೊರಗೆ ಕೈ ತೊಳೆಯುವಲ್ಲಿ ಒಂದು ಕನ್ನಡಿಯಿತ್ತು. ಅದರ ಮೇಲೆ ಯಾವಾಗಲೂ ಟವೆಲ್. ಕೂಸನ್ನು ಒರೆಸಲು ಅಮ್ಮಿಣಿಯಮ್ಮ ಅದನ್ನು ಎಳೆದುಕೊಂಡರೆ, ಟೀಚರ್ ಓಡಿ ಬಂದು ಇನ್ನೊಂದನ್ನು ಹಾಕುತ್ತಿದ್ದರು. ಮೂರು ದಿನ ನೋಡಿದ ಅಮ್ಮಿಣಿಯಮ್ಮ ನಾಲ್ಕನೆಯ ದಿನ ಕೇಳಿಯೇಬಿಟ್ಟರು.

"ಟೀಚರೇ, ಈ ಕನ್ನಡಿಗೇನು ಚಳಿಯಾ?"

ಟೀಚರಿಗೆ ಐವತ್ತನಾಲ್ಕು. ಮುಟ್ಟು ನಿಲ್ಲುವ ಕಾಲಕ್ಕೆ ಎರಡು ಕೆನ್ನೆಯ ಮೇಲೂ ಕಂದು ಬಂಗು ಹರಡಿ, ನಾಲ್ಕು ವರ್ಷವಾದರೂ ಹೋಗಿರಲಿಲ್ಲ. ಕತ್ತಿನ ಚರ್ಮವೂ ಸಡಿಲವಾಗಿತ್ತು. ಅವರು ಟವೆಲ್ಲಿನ ತುದಿ ಸರಿಪಡಿಸುತ್ತ ಹೇಳಿದರು.

"ಇದೇ ಮುಖ ನೋಡಿ ನೋಡಿ ಸಾಕಾಗಿದೆ ಅಮ್ಮಿಣಿಯಮ್ಮ. ಬರೋ ತಿಂಗಳು ವಿಷು. ಅತ್ತೆ ಹೋದ್ಮೇಲೆ ಈ ವರ್ಷ ಕಣಿ ಇಡೋದು ನನ್ನ ಪಾಲಿಗೆ ಬಂದಿದೆ. ವರ್ಷದ ಮೊದಲ ನೋಟ ಈ ಮುಖಾನಾ?"

ಅವರ ಭಯ ನಮ್ಮಲ್ಲಿ ಯಾರಿಗಾದರೂ ಅರ್ಥವಾಗುವಂಥದ್ದೇ. ಹಿಂದಿನ ರಾತ್ರಿ ಉರುಳಿಯೆಂಬ ಅಗಲ ಕಂಚಿನ ಪಾತ್ರೆಯಲ್ಲಿ ಕಣಿ ಜೋಡಿಸಿಟ್ಟವಳೇ ಹೊಸ ವರ್ಷದ ನಸುಕಿನಲ್ಲಿ ಎದ್ದು ದೀಪ ಹಚ್ಚಿ ಮೊದಲು ನೋಡಬೇಕು. ಕಕ್ಕೆ ಹೂವಿನ, ಹೊನ್ನಿನ ಬಣ್ಣದ ಸೌತೆಯ ನಡುವೆ ಕನ್ನಡಿ ನಿಲ್ಲಿಸಿರುತ್ತಾರೆ. ಅದರಲ್ಲಿ ತನ್ನ ಮುಖ ಕಾಣಬೇಕು. ಆ ದಿನ ಕಂಡದ್ದೇ ವರ್ಷವಿಡೀ ಜೊತೆಗಿರುತ್ತದೆ ಎಂದು ನಂಬಿಕೆ.

"ಬಂಗು ಪೂರ್ತಿ ಹೋಗಲ್ಲ ಮೋಳೆ," ಎಂದರು ಅಮ್ಮಿಣಿಯಮ್ಮ. ಬಚ್ಚಲಲ್ಲಿ ಅವರಿಗೆ ಎಲ್ಲರೂ ಮಗಳೇ. "ಸುಕ್ಕಂತೂ ಹೋಗೋದೇ ಇಲ್ಲ. ಒಣಗಿ ಬಿರಿಯೋದು ಹೋಗುತ್ತೆ, ತುರಿಕೆ ಹೋಗುತ್ತೆ."

"ಮತ್ತೆ ಹಚ್ಚಿ ಏನುಪಯೋಗ?"

"ವಯಸ್ಸಾಯ್ತು ಅಂತ ಹಸುಗೆ ಹುಲ್ಲು ಹಾಕೋದು ಬಿಡ್ತೀಯಾ? ಚರ್ಮಾನೂ ಹಾಗೇ. ಐವತ್ತನಾಲ್ಕು ವರ್ಷ ಬಿಸಿಲು, ಒಲೆ, ಸೀಮೆಸುಣ್ಣದ ಧೂಳು ಎಲ್ಲಾ ತಡ್ಕೊಂಡಿದೆ."

ಅಷ್ಟರಲ್ಲಿ ಒಲೆಯ ಮೇಲೆ ನೀರು ಉಕ್ಕಿತು. ಹಂಡೆ ಇಳಿಸಲು ಎದ್ದವರು ಹೋಗುತ್ತ ಹೋಗುತ್ತ, "ಕಸ್ತೂರಿ ಅರಿಶಿನ ತಗೊಂಡು ಹಾಲಲ್ಲಿ ಕಲಸಿ ಹಚ್ಚು. ನನ್ನದು ಮುಗಿದಿದೆ," ಎಂದು ಹೇಳಿಬಿಟ್ಟರು. ಮೊಣಕೈಯ ಪರೀಕ್ಷೆಯ ಮಾತು ಬರಲೇ ಇಲ್ಲ.

ಟೀಚರ್ ಪೇಟೆಯಿಂದ ಪುಡಿ ತರಿಸಿದರು. ವಾರಕ್ಕೆರಡು ಬಾರಿ ಸಾಲದೆಂದು ದಿನಕ್ಕೆರಡು ಬಾರಿ ಹಚ್ಚಿದರು. ಅಮ್ಮಿಣಿಯಮ್ಮ ಬರುವ ಹೊತ್ತಿಗೆ ಅಡುಗೆಮನೆಯ ಕತ್ತಲಲ್ಲಿ ಇರುತ್ತಿದ್ದರಾದ್ದರಿಂದ ಅದು ಅವರ ಕಣ್ಣಿಗೆ ಬೀಳಲಿಲ್ಲ. ಎಂಟನೆಯ ದಿನ ಹಣೆಯಿಂದ ಗಲ್ಲದವರೆಗೆ ಮುಖವೆಲ್ಲ ಹಳದಿ. ತೊಳೆದರೂ ಹೋಗದು. ಬಂಗಿನ ಮೇಲೆ ಕೆಂಪಗೆ ಗುಳ್ಳೆ ಬೇರೆ. ಕೂಸಿಗೆ ಹಾಲೂಡಿಸುತ್ತಿದ್ದ ಜಿಷ ತಲೆಯೆತ್ತಿ ನೋಡಿ ನಕ್ಕಳು.

"ಅಮ್ಮಾ, ಈ ಸಲ ಕಣಿಗೆ ಸೌತೆಕಾಯಿ ತರೋದೇ ಬೇಡ. ನೀನೇ ಉರುಳಿಯಲ್ಲಿ ಕೂತ್ಕೊ!"

ಮಗಳು ತಮಾಷೆಗೆ ಅಂದದ್ದು. ಟೀಚರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆ ಬೇಲಿಯ ಬಳಿ ಸಿಕ್ಕಾಗ ನನಗೆ ಹೇಳಿದ್ದು ಇಷ್ಟೇ: "ಕಣಿ ಇಡ್ತೀನಿ. ಕನ್ನಡಿ ಇಡಲ್ಲ. ಯಾರಿಗೆ ಗೊತ್ತಾಗುತ್ತೆ?"

ಮಾರನೆಯ ಬೆಳಿಗ್ಗೆ ಜಿಷಳೇ ಅಮ್ಮಿಣಿಯಮ್ಮನಿಗೆ ಎಲ್ಲ ಹೇಳಿ ಅತ್ತಳು. ಅವರು ಯಾರನ್ನೂ ಬೈಯಲಿಲ್ಲ. ಪುಡಿಯ ಪೊಟ್ಟಣ ತರಿಸಿ ಮೂಸಿದರು. ಚಿಟಿಕೆಯಷ್ಟನ್ನು ಅಂಗೈಯಲ್ಲಿ ನೀರು ಹಾಕಿ ತಿಕ್ಕಿದರು. ಅಂಗೈ ಗಾಢ ಹಳದಿಯಾಯಿತು. ಮನೆಗೆ ಹೋಗಿ, ಬೀಜಕ್ಕೆಂದು ಎತ್ತಿಟ್ಟಿದ್ದ ಗೆಡ್ಡೆಯೊಂದನ್ನು ತಂದು ಟೀಚರ ಮುಂದೆ ಕತ್ತರಿಸಿದರು. ಒಳಗೆ ಬಣ್ಣವೇ ಇಲ್ಲ. ಕೆನೆಯಂಥ ಬಿಳುಪು, ಕರ್ಪೂರದ ವಾಸನೆ.

"ಇದು ಕಸ್ತೂರಿ. ನೀನು ಹಚ್ಚಿದ್ದು ಹಳದಿ ಕೂವೆ ಅನ್ನೋ ಬೇರೆ ಗೆಡ್ಡೆ. ಅರಿಶಿನ ಅಂದ್ರೆ ಹಳದಿ ಇರ್ಬೇಕು ಅಂತ ಊರೆಲ್ಲಾ ಅದನ್ನೇ ಕೊಳ್ಳುತ್ತೆ. ತಪ್ಪು ನಿನ್ನದಲ್ಲ. ಹೆಸರು ಹೇಳಿದೆ, ಗೆಡ್ಡೆ ತೋರಿಸ್ಲಿಲ್ಲ. ಮೊಣಕೈಗೆ ಹಚ್ಚು ಅಂತಾನೂ ಅನ್ಲಿಲ್ಲ. ತಪ್ಪು ನನ್ನದು."

ನಲವತ್ತಾರು ವರ್ಷದ ಅನುಭವದ ಬಾಯಿಂದ ಇಷ್ಟು ಸಲೀಸಾಗಿ ಆ ಮಾತು ಬಂದದ್ದು ನನಗೆ ಇಂದಿಗೂ ದೊಡ್ಡದೆನಿಸುತ್ತದೆ. ಟೀಚರಿಗೂ ಅನಿಸಿರಬೇಕು. ಬಾಗಿಲ ಸಂದಿಯಲ್ಲಿ ನಿಂತಿದ್ದವರು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು.

"ಈಗ ಏನು ಹಚ್ಚಲಿ?"

"ಏನೂ ಬೇಡ. ತಣ್ಣೀರು, ಸ್ವಲ್ಪ ಹೆಸರುಹಿಟ್ಟು, ಅಷ್ಟೇ. ನಾಲ್ಕು ದಿನಕ್ಕೆ ಗುಳ್ಳೆ ಇಳೀದಿದ್ರೆ ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ. ಇಳಿದ್ಮೇಲೆ ಎಣ್ಣೆ. ಆದ್ರೆ ಒಂದು ಮಾತು. ಕೈ ಸುಮ್ನೆ ಮೇಲೆಮೇಲೆ ಆಡಬಾರದು. ಎಲ್ಲಿ ಒಣಗಿದೆ, ಎಲ್ಲಿ ಮೆತ್ತಗಿದೆ ಅಂತ ಬೆರಳಲ್ಲೇ ನೋಡ್ತಾ ತೊಳೀಬೇಕು. ಕೂಸಿಗೆ ತೊಳಿಯೋ ಹಾಗೆ."

ಮೂರನೆಯ ದಿನ ಗುಳ್ಳೆ ಇಳಿಯಿತು. ಹತ್ತು ದಿನಕ್ಕೆ ಹಳದಿಯೂ ಹೋಯಿತು. ಬಂಗು ಎಲ್ಲಿತ್ತೋ ಅಲ್ಲೇ ಇತ್ತು. ಅಮ್ಮಿಣಿಯಮ್ಮ ದಿನಾ ಜಿಷಳ ಸ್ನಾನ ಮುಗಿಸಿ, ಉಳಿದ ಎಣ್ಣೆಯನ್ನು ಟೀಚರ ಅಂಗೈಗೆ ಸುರಿದು ಹೋಗುತ್ತಿದ್ದರು. ಟವೆಲ್ ಮಾತ್ರ ಕನ್ನಡಿಯ ಮೇಲೆಯೇ.

ವಿಷುವಿನ ಹಿಂದಿನ ಸಂಜೆ ಟೀಚರ್ ಬೇಡಿಕೊಂಡರು.

"ನೀವೇ ಬಂದು ಕಣಿ ಇಡಿ ಅಮ್ಮಿಣಿಯಮ್ಮ. ನಿಮ್ಮ ಮುಖ ಕಂಡ್ರೆ ವರ್ಷ ಒಳ್ಳೇದಾಗುತ್ತೆ."

"ನನ್ನ ಮುಖ ನೋಡೋಕೆ ನನ್ನ ಮನೆ ಕಣಿ ಇದೆ. ಈ ಮನೇದು ನಿನ್ನ ಕೆಲಸ. ಕನ್ನಡಿ ಇಡ್ತೀಯೋ ಬಿಡ್ತೀಯೋ, ನಾನು ಬಂದು ನೋಡಲ್ಲ."

ಬೆಳಿಗ್ಗೆ ನಡೆದದ್ದನ್ನು ಟೀಚರೇ ಹೇಳಿದರು, ತೆಂಗಿನ ಹಾಲಲ್ಲಿ ಅಕ್ಕಿ ಬೇಯಿಸಿ ಗಟ್ಟಿಮಾಡಿ ಕೊಯ್ದ ವಿಷುಕಟ್ಟೆ ಕೊಡಲು ನಮ್ಮನೆಗೆ ಬಂದಾಗ. ಅಮ್ಮಿಣಿಯಮ್ಮನೂ ಜಗುಲಿಯಲ್ಲಿ ಕೂತಿದ್ದರು. ಕನ್ನಡಿಯನ್ನು ಇಡುವುದೋ ಬೇಡವೋ ಎಂದು ಎರಡು ಸಲ ಇಟ್ಟು ಎರಡು ಸಲ ತೆಗೆದರಂತೆ. ಕೊನೆಗೆ ಅತ್ತೆ ಇಡುತ್ತಿದ್ದ ಜಾಗ ಬರಿದಾಗಿ ಕಂಡು, ಇಟ್ಟು ಮಲಗಿದರಂತೆ. ನಸುಕಿನಲ್ಲಿ ಎದ್ದು ದೀಪ ಹಚ್ಚಿದರು. ಕಣಿಯತ್ತ ಕಣ್ಣೆತ್ತಿದರು.

"ಏನು ಕಂಡ್ರಿ?" ಎಂದು ನಾನು ಕೇಳಿದೆ.

"ಕಿವಿ ಕೆಳಗೆ ಹೆಸರುಹಿಟ್ಟು," ಎಂದರು ಟೀಚರ್. "ರಾತ್ರಿ ಸರಿಯಾಗಿ ತೊಳ್ದಿರ್ಲಿಲ್ಲ. ಕನ್ನಡಿ ಹತ್ರ ಬಗ್ಗಿ ಸೆರಗಲ್ಲಿ ಒರೆಸ್ಕೊಂಡೆ. ಕತ್ತು, ಕೆನ್ನೆ, ಎಲ್ಲಾ ಕಡೆ ಇದೆಯಾ ಅಂತ ಬೆರಳಾಡಿಸಿ ನೋಡ್ದೆ. ಆಮೇಲೆ ಜಿಷಳ ಕಣ್ಣು ಮುಚ್ಚಿ ಕರ್ಕೊಂಡು ಬಂದೆ."

ಅಮ್ಮಿಣಿಯಮ್ಮ ಕಟ್ಟೆಯ ಚೂರೊಂದನ್ನು ಬೆಲ್ಲದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು ನುಂಗಿದರು.

"ಎಡಗಿವಿಯಾ, ಬಲಗಿವಿಯಾ?"

"ಬಲ."

"ಬಲಗಡೆ ಕೈ ಸರಿಯಾಗಿ ಹೋಗ್ತಿಲ್ಲ ನಿನಗೆ. ನಾಳೆ ತೋರಿಸ್ತೀನಿ," ಎಂದು, ಇನ್ನೊಂದು ಚೂರಿಗೆ ಕೈ ಚಾಚಿದರು.