ಧೂಳು ಒರೆಸದ ಫೋಟೋ

ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಮುಜಾಫರ್ ಅವರದೊಂದು ಫೋಟೋ ಸ್ಟುಡಿಯೋ ಇದೆ. ಅದರ ಗಾಜಿನ ಕಪಾಟಿನಲ್ಲಿ ಯಾವಾಗ ನೋಡಿದರೂ ಮದುಮಗಂದಿರು ನಗುತ್ತಿರುತ್ತಾರೆ. ಒಬ್ಬರ ಮುಖದ ಮೇಲೂ ಕಲೆಯಿಲ್ಲ, ಬೆವರಿಲ್ಲ. ಎಲ್ಲರೂ ಈಗಷ್ಟೇ ಹಾಲಿನಲ್ಲಿ ಮಿಂದು ಬಂದವರಂತೆ. ಎಂಥ ಮುಖವಾದರೂ ಸರಿ, ಮುಜಾಫರ್ ಕಂಪ್ಯೂಟರಿನಲ್ಲಿ ಟಚಪ್ ಮಾಡಿದರೆ ಬೆಳಗುತ್ತದೆ ಎಂದು ಊರಲ್ಲಿ ಹೆಸರು.

ಅವರ ಮಗಳು ತಹಸೀನ್. ಕ್ಯಾಮೆರಾ ಹಿಡಿಯುವುದನ್ನು ಅಪ್ಪನಿಂದಲೇ ಕಲಿತವಳು. ಶಾದಿಮನೆಯಲ್ಲಿ ಗಂಡಸರ ಕಡೆ ಅಪ್ಪ, ಪರದೆಯ ಈಚೆ ಹೆಂಗಸರ ಕಡೆ ಮಗಳು. ಹೆಂಗಸರ ಫೋಟೋ ಹೊರಗಿನ ಗಂಡಸರ ಕಣ್ಣಿಗೆ ಬೀಳಬಾರದು ಎನ್ನುವುದು ಆ ಮನೆಗಳ ಕಟ್ಟು. ಹಾಗಾಗಿ ತಹಸೀನ್ ಒಳಕೋಣೆಯಲ್ಲಿ ತಾನೇ ಟಚಪ್ ಮಾಡಿ, ತಾನೇ ಪ್ರಿಂಟ್ ತೆಗೆದು, ಲಕೋಟೆ ಅಂಟಿಸಿ ಮದುಮಗಳ ಕೈಗೇ ಕೊಟ್ಟು ಬರುವಳು. ಸೋಜಿಗ ನೋಡಿ: ಕಲಿಯುವಾಗ ತೆಗೆದ ಬೆಕ್ಕು, ಬಾಗಿಲು, ಬೇವಿನ ಗಿಡ ಬಿಟ್ಟರೆ, ಮಗಳು ತೆಗೆದ ಒಂದು ಫೋಟೋವನ್ನೂ ಕಲಿಸಿದ ಅಪ್ಪ ಕಂಡಿರಲಿಲ್ಲ.

ಒಮ್ಮೆ ಬಸವಕಲ್ಯಾಣದಲ್ಲಿ ಒಂದು ನಿಕಾಹ್ ಮುಗಿಸಿ ಬಸ್ಸಿಗೆಂದು ಬರುವಾಗ ಮೈದಾನದಲ್ಲಿ ಹುಡುಗಿಯರ ಕಬಡ್ಡಿ ನಡೆದಿತ್ತು. ತಹಸೀನ್ ನಿಂತಳು. ಬೆಳಗಿನಿಂದ "ಅಲ್ಲಾಡಬ್ಯಾಡ್ರಿ, ಹಾಂ, ಹಂಗೇ ಇರ್ರಿ" ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಇಲ್ಲಿ ನೋಡಿದರೆ ಒಬ್ಬಳೂ ನಿಂತಲ್ಲಿ ನಿಲ್ಲುತ್ತಿಲ್ಲ! ಚೀಲದಿಂದ ಕ್ಯಾಮೆರಾ ತೆಗೆದು ಹತ್ತಾರು ಸಲ ಒತ್ತಿದಳು. ಶಾದಿಯ ಲೆನ್ಸಿನಲ್ಲಿ ಆಟಗಾರ್ತಿಯರು ಇರುವೆಗಳಷ್ಟೇ ಬಂದರು. ಬಂದರೇನು, ಹುಚ್ಚು ಹತ್ತಿಬಿಟ್ಟಿತು.

ತನ್ನ ಪಾಲಿನ ದುಡಿಮೆ ಕೂಡಿಟ್ಟು ಕಲಬುರಗಿಯ ಒಂದು ಅಂಗಡಿಯಿಂದ ಹಳೆಯದೊಂದು ಉದ್ದನೆಯ ಲೆನ್ಸ್ ತಂದಳು. ಮುಜಾಫರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದನ್ನ ಹಿಡಕೊಂಡು ಶಾದಿಮನಿಗೆ ಹೋದ್ರ ದುಲ್ಹನ್‌ದು ಮೂಗಷ್ಟೇ ಬರ್ತದ, ಬೇಟಾ."

"ಶಾದಿಗಲ್ಲ ಅಬ್ಬಾ, ಆಟಕ್ಕ. ಆಡೋರ ಫೋಟೋ ತೆಗೆದು ಅವರಿಗೇ ಮಾರ್ತೀನಿ."

"ಮಾರು. ಶಾದಿ ಸೀಸನ್ ಬರೋತನಕ ನೋಡೋಣು. ಒಂದೂ ಹೋಗ್ಲಿಲ್ಲಂದ್ರ ಇದನ್ನ ವಾಪಸ್ ಕೊಟ್ಟು ಶಾದಿಗೆ ಬೇಕಾದ ಲೈಟ್ ತರೂದು. ಅಂಗಡಿಯವ್ರಿಗೆ ನಾ ಹೇಳಿಡ್ತೀನಿ."

ಅಲ್ಲಿಂದ ಅವಳ ಓಡಾಟ ಶುರುವಾಯಿತು. ಮೊದಲು ಗಂಡುಹುಡುಗರ ವಾಲಿಬಾಲ್‌ಗೆ ಹೋದಳು. ಹುಡುಗರು ಫೋಟೋ ನೋಡಿ ಕುಣಿದಾಡಿದರು. "ಮಸ್ತ್ ಆಪಾ! ವಾಟ್ಸ್ಯಾಪ್ ಮಾಡ್ರಿ, ಸ್ಟೇಟಸ್ ಇಡ್ತೀವಿ." ರೊಕ್ಕದ ಮಾತು ತೆಗೆದರೆ ಎಲ್ಲರಿಗೂ ಒಮ್ಮೆಲೇ ನೀರಡಿಕೆ ಆಗುತ್ತಿತ್ತು.

ಅಷ್ಟರಲ್ಲಿ ಬಸವಕಲ್ಯಾಣದಲ್ಲಿ ಮತ್ತೆ ಹುಡುಗಿಯರ ಕಬಡ್ಡಿ ಬಂತು. ಮಂಠಾಳದ ತಂಡ, ನಿರ್ಣಾದ ತಂಡ. ಮಂಠಾಳದ ಕಡೆ ಸಾಕ್ಷಿ ಎಂಬ ಹುಡುಗಿ ರೇಡಿಗೆ ಬರುವುದೆಂದರೆ ಕೈಗೆ ಸಿಕ್ಕೂ ಸಿಗದ ಮೀನು. ತಹಸೀನ್ ಗೆರೆಯ ಪಕ್ಕದಲ್ಲಿ ಧೂಳಿನಲ್ಲೇ ಮೊಣಕಾಲೂರಿ ಕೂತು ತೆಗೆದಳು. ಈ ಸಲ ಮುಖಕ್ಕೆ ಮುಖ, ಬೆರಳಿಗೆ ಬೆರಳು ಸಿಕ್ಕವು.

ಮನೆಗೆ ಬಂದು ತನಗೆ ಗೊತ್ತಿದ್ದ ಟಚಪ್ ಕೆಲಸಕ್ಕೆ ಕೂತಳು. ಗಲ್ಲದ ಮಣ್ಣು ಒರೆಸಿದಳು. ಬೆವರು ಅಳಿಸಿದಳು. ಹಾರಿದ ಕೂದಲು ಕೂರಿಸಿದಳು. ಸಾಕ್ಷಿಯ ಮೊಣಕೈಗೆ ಜೋತಾಡುತ್ತಿದ್ದ ಪಟ್ಟಿಯನ್ನೂ ಮಾಯ ಮಾಡಿ, ಸುತ್ತ ಗುಲಾಬಿ ಹೂವಿನ ಅಂಚು ಕೊಟ್ಟಳು. ಶಾದಿಮನೆಯವರು ನೋಡಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಲಕೋಟೆಗಳನ್ನು ಹೊತ್ತುಕೊಂಡು ಮಂಠಾಳದ ಬಸ್ಸು ಹತ್ತಿದಳು.

ಹುಡುಗಿಯರು ಮುತ್ತಿಕೊಂಡರು. ಲಕೋಟೆ ತೆರೆದರು. ಫೋಟೋವನ್ನೂ ಸಾಕ್ಷಿಯನ್ನೂ ತಿರುತಿರುಗಿ ನೋಡಿದರು.

"ಆಪಾ, ಯಾರ್ರಿ ಇಕಿ?" ಎಂದಳು ಸಾಕ್ಷಿ.

"ನೀನೇ."

"ನನ್ನ ಕೈ ಪಟ್ಟಿ ಎಲ್ಲಿ ಹೋಯ್ತ್ರಿ? ಹೊಲಿಗಿ ಹಾಕಿಸ್ಕೊಂಡು ಆಡೀನಿ ನಾ!"

ಹಿಂದಿನಿಂದ ಒಬ್ಬಳು ಇಣುಕಿದಳು. "ಏ ಸಾಕ್ಷಿ, ರೇಡಿಗೆ ಹೊಂಟೀಯೋ, ಲಗ್ನಕ್ಕ ಹೊಂಟೀಯೋ?"

ನಗೆಯೋ ನಗೆ. ಪೀಟಿ ಮಾಸ್ತರ ಅಶೋಕಕುಮಾರ ತಹಸೀನಳ ಮುಖ ನೋಡಿ, "ಛಲೋ ಬಂದಾವ್ರಿ, ಛಲೋ ಬಂದಾವು" ಎಂದು ಎಲ್ಲವನ್ನೂ ಜೋಡಿಸಿ ಮರಳಿ ಕೈಗಿಟ್ಟರು. ಛಲೋ ಬಂದಾವು ಎಂದವರು ಕಿಸೆಗೆ ಕೈ ಹಾಕುವುದಿಲ್ಲ ಎಂದು ತಹಸೀನಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಲೆನ್ಸ್ ಹೋಯಿತು ಎಂದುಕೊಂಡಳು. ಕಣ್ಣ ಮುಂದೆ ಕಲಬುರಗಿಯ ಅಂಗಡಿಯೇ ಬಂತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಕ್ಕದ್ದಕ್ಕೆ ಪಾಪ ಅನ್ನಿಸಿತೋ ಏನೋ, ಸಾಕ್ಷಿ ಚಹಾಕ್ಕೆಂದು ಮನೆಗೆ ಕರೆದುಕೊಂಡು ಹೋದಳು. ಅವಳ ಅವ್ವ ತುಳಜಾಬಾಯಿ ಎಮ್ಮೆಗೆ ಮೇವು ಹಾಕುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು, ಫೋಟೋವನ್ನು ಅಂಚು ಹಿಡಿದು ಬೆಳಕಿಗೆ ಹೊರಳಿಸಿದಳು.

"ಚಂದ ಕಾಣ್ತಾಳ. ಖರೆ, ಇದರಾಗ ಆಟ ಎಲ್ಲಿ ಅದ ಬೇಟಿ?"

ತಹಸೀನ್ ಬಗ್ಗಿ ತನ್ನ ಗುಲಾಬಿ ಅಂಚನ್ನೇ ನೋಡಿದಳು.

"ಈ ಎಮ್ಮಿ ಬಿಟ್ಟು ನಾ ಒಂದಿನಾನೂ ಆಟ ನೋಡಾಕ ಹೋಗಿಲ್ಲ. ಆದ್ರ ಅಂಗಿ ಒಗ್ಯಾಕಿ ನಾನೇ ಅಲ್ಲೇನು? ಆ ಕೆಂಪು ಮಣ್ಣು ಬಡದು ಬಡದು ನನ್ನ ರಟ್ಟಿ ಸೋತಾವ. ಯಾವ ಮಗ್ಗಲಾಗಿ ಬಿದ್ದಾಳ, ಎಷ್ಟು ಮಂದಿ ಜಗ್ಗ್ಯಾರ, ಅಂಗಿ ನೋಡೇ ಹೇಳ್ತೀನಿ. ನೀ ನೋಡಿದ್ರ ಆ ಮಣ್ಣೇ ತೊಳದು ತಂದೀ!"

ತಹಸೀನ್ ಚೀಲದಿಂದ ಕ್ಯಾಮೆರಾ ತೆಗೆದಳು. ಟಚಪ್ ಮಾಡಿದ್ದು ನಕಲುಗಳಿಗೆ. ಅಸಲು ಕ್ಯಾಮೆರಾದಲ್ಲಿ ಹಾಗೇ ಇತ್ತು. ಹಿಂದಿನ ಸಣ್ಣ ಪರದೆಯನ್ನು ಮುಂದೆ ಹಿಡಿದಳು. ನಿರ್ಣಾದ ಇಬ್ಬರು ಸೊಂಟಕ್ಕೆ ಜೋತುಬಿದ್ದಿದ್ದಾರೆ. ಸಾಕ್ಷಿಯ ಬಾಯಿ ಅಗಲ ತೆರೆದಿದೆ, ಗಲ್ಲದ ತುಂಬ ಮಣ್ಣು, ಕೈಪಟ್ಟಿ ಗಾಳಿಗೆ ಹಾರಿದೆ, ಕಾಲಿನ ಹೆಬ್ಬೆರಳು ಮಾತ್ರ ನಡುಗೆರೆಯನ್ನು ಈಗಷ್ಟೇ ಮುಟ್ಟಿದೆ.

"ಅಯ್ಯ ನನ್ನವ್ವ!" ತುಳಜಾಬಾಯಿ ಗಲ್ಲಕ್ಕೆ ಕೈ ಹಚ್ಚಿದಳು. "ಹಿಂಗೇ ಬಾಯಿ ತೆರಕೊಂಡು ಮನ್ಯಾಗ ನನ್ನ ಮ್ಯಾಲ ಬರ್ತಾಳ ನೋಡು!"

"ಅವ್ವಾ!"

"ಸುಮ್ನಿರು. ಬೇಟಿ, ಇದು ಕೊಡು. ದೊಡ್ಡದು ಮಾಡಿಸಿ ಕೊಡು. ಪುಗಸೆಟ್ಟೆ ಬ್ಯಾಡ, ನಾ ಹಾಲು ಮಾರಾಕಿ. ಮಾರೋರ ಕಷ್ಟ ನಂಗ ಗೊತ್ತದ."

ತುಳಜಾಬಾಯಿಯೇ ತಹಸೀನಳ ಮೊದಲ ಗಿರಾಕಿ.

ಸ್ಟುಡಿಯೋದಲ್ಲಿ ಅಸಲು ಫೋಟೋಗಳು ಪ್ರಿಂಟರಿನಿಂದ ಹೊರಬರುತ್ತಿರುವಾಗ ಮುಜಾಫರ್ ಒಳಗೆ ಬಂದರು. ರೂಢಿ ನೋಡಿ, ತಹಸೀನ್ ಥಟ್ಟನೆ ಅಂಗೈ ಮುಚ್ಚಿದಳು. ಅವರೂ ರೂಢಿಯಂತೆ ಮುಖ ಆಚೆ ಹೊರಳಿಸಿದರು. ಆಮೇಲೆ ಅವಳಿಗೆ ನೆನಪಾಯಿತು, ಈ ಹುಡುಗಿಯರು ಇಡೀ ಮೈದಾನದ ಮುಂದೆ ಆಡಿದವರು.

"ಅಬ್ಬಾ, ಇವು ನೀವು ನೋಡಬಹುದು."

ಮುಜಾಫರ್ ಚಷ್ಮಾ ಏರಿಸಿಕೊಂಡರು. "ಟಚಪ್ ಮಾಡಿಲ್ಲೇನು?"

"ಇಲ್ಲ."

"ಇಂಥಾ ಮಾರಿ ಗಿರಾಕಿ ಕೈಯಾಗ ಕೊಡ್ತೀ? ಅಟ್ಟಿಸಿಕೊಂಡು ಬರ್ತಾರ."

ಅಂದರು, ಆದರೆ ಫೋಟೋ ಕೆಳಗಿಡಲಿಲ್ಲ. ಬಾಗಿಲ ಬೆಳಕಿಗೆ ಹೋಗಿ ನಿಂತರು. ಸಾಕ್ಷಿಯ ಕಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಈ ಹೆಬ್ಬೆಟ್ಟು ಗೆರಿ ಮುಟ್ಟೋತನಕ ಕಾದಿ?"

"ಕಾದೆ."

"ನಾ ಆಗಿದ್ರ ಮಾರಿ ಕಾಣ್ತಲೇ ಒತ್ತಿಬಿಡ್ತಿದ್ದೆ."

ಅಷ್ಟೇ ಅಂದು ಹೊರಗೆ ಹೋದರು. ತಹಸೀನ್ ಮುಂದಿನ ಫೋಟೋವನ್ನು ಪ್ರಿಂಟಿಗೆ ಹಾಕಿದಳು.

ಮುಂದಿನ ಆಟ ಹುಮನಾಬಾದಿನಲ್ಲೇ ಬಂತು; ಮಂಠಾಳ, ನಿರ್ಣಾ ಎರಡೂ ತಂಡ ಬಂದವು. ತಹಸೀನ್ ಹಿಂದಿನ ಆಟದ ಫೋಟೋಗಳನ್ನು ಹಗ್ಗಕ್ಕೆ ಕಟ್ಟಲಿಲ್ಲ, ಮೇಜಿನ ಮೇಲೆ ಹರಡಲೂ ಇಲ್ಲ. ಶಾದಿಮನೆಯ ರೀತಿಯಲ್ಲೇ ಯಾರದ್ದೋ ಅವರ ಕೈಗೆ ಲಕೋಟೆ ಕೊಟ್ಟಳು. ತೋರಿಸುವುದು ಬಿಡುವುದು ಅವರಿಷ್ಟ. ಹುಡುಗಿಯರು ಬಿಡುತ್ತಾರೆಯೇ? ತೆರೆದರು, ಚೀರಿದರು, ಒಬ್ಬರದನ್ನು ಒಬ್ಬರು ಕಸಿದುಕೊಂಡರು. ನಿರ್ಣಾದ ಒಬ್ಬಳು ಸಾಕ್ಷಿಯ ಫೋಟೋ ನೋಡಿದವಳೇ ಓಡಿ ಬಂದಳು.

"ಆಪಾ, ಇಕಿ ಸೊಂಟಕ್ಕ ಬಿದ್ದಾಕಿ ನಾನೇರಿ! ನಂಗೂ ಒಂದು ಬೇಕು."

"ಸಾಕ್ಷಿ ಪಾರಾದಳಲ್ಲ?"

"ಆದ್ಲಿ. ಬಿಟ್ಟೀನೇನು ನಾ, ನೋಡ್ರಿ!"

ಸೊಂಟಕ್ಕೆ ಬಿದ್ದ ಇನ್ನೊಬ್ಬಳೂ ಬಂದು ಕೇಳಿದಳು. ಒಂದೇ ಫೋಟೋಗೆ ಮೂವರು ಗಿರಾಕಿಗಳಾದರು. ವಾಟ್ಸ್ಯಾಪ್ ಮಾಡ್ರಿ ಎನ್ನುವವರು ಆ ದಿನವೂ ಇದ್ದರು. ಅಶೋಕಕುಮಾರ ಮಾಸ್ತರರಂತೂ ಶಾಲೆಯ ಆಫೀಸಿಗೊಂದು ಪುಕ್ಕಟೆ ಕೇಳಿದರು. ಆದರೂ ಸಂಜೆ ತಹಸೀನಳ ಚೀಲ ಬಹುಪಾಲು ಖಾಲಿ.

ಶಾದಿ ಸೀಸನ್ ಹತ್ತಿರ ಬಂತು. ಒಂದು ಬೆಳಿಗ್ಗೆ ಮುಜಾಫರ್ ಕಲಬುರಗಿಗೆ ಫೋನ್ ಹಚ್ಚಿದ್ದು ಒಳಕೋಣೆಗೆ ಕೇಳಿಸಿತು. "ಲೈಟ್ ಸದ್ಯಕ್ಕ ಬ್ಯಾಡ್ರಿ. ಇದ್ದದ್ದೇ ನಡೀತದ. ಲೆನ್ಸಾ? ಲೆನ್ಸ್ ಖಾಲಿ ಇಲ್ರಿ, ಅದಕ್ಕ ಕೆಲಸ ಅದ. ಈ ವರ್ಷ ನೋಡೋಣು, ಮುಂದಿಂದು ಮುಂದ."

ತಹಸೀನ್ ಹೊರಗೆ ಬಂದು ನೋಡಿದರೆ ಗಾಜಿನ ಕಪಾಟಿನಲ್ಲಿ ಇಬ್ಬರು ಮದುಮಗಂದಿರ ನಡುವೆ ಜಾಗ ಖಾಲಿಯಾಗಿದೆ. ಅಪ್ಪನ ಕೈಯಲ್ಲಿ ಸಾಕ್ಷಿಯ ಫೋಟೋ, ಕಟ್ಟು ಹಾಕಿಸಿದ್ದು.

"ಅಬ್ಬಾ, ತಡೀರಿ. ಅವರನ್ನ ಕೇಳಬೇಕು," ಎಂದಳು ತಹಸೀನ್.

ಫೋನ್ ಮಾಡಿದಳು. ಸಾಕ್ಷಿ ಎರಡನೆಯ ಮಾತಿಲ್ಲದೆ ಹೂಂ ಎಂದು ಫೋನನ್ನು ಅವ್ವನ ಕೈಗೆ ಕೊಟ್ಟಳು. ಆ ಕಡೆ ಎಮ್ಮೆ ಕೂಗಿತು, ಬಕೀಟು ಸದ್ದಾಯಿತು.

"ಅಂಗಡಿ ಮುಂದ ಹಾಕ್ತೀರೇನು? ಮಂದಿ ಎಲ್ಲ ನೋಡ್ತಾರೇನು?"

"ಹೌದ್ರಿ ಬಾಯಿ. ನೀವು ಬ್ಯಾಡಂದ್ರ ಹಾಕಂಗಿಲ್ಲ."

"ಮಣ್ಣು ಒರಸಿಲ್ಲಲ್ಲ?"

"ಇಲ್ರಿ."

"ಹಂಗಾದ್ರ ಹಾಕ್ರಿ," ಎಂದಳು ತುಳಜಾಬಾಯಿ. "ಮುಂದಿನ ಆಟಕ್ಕ ಎಮ್ಮಿ ಬಿಟ್ಟು ನಾನೂ ಬರ್ತೀನಿ, ಹಂಗೇ ನಿಮ್ಮ ಅಂಗಡಿ ಮುಂದ ಫೋಟೋನೂ ನೋಡಿ ಹೋಗ್ತೀನಿ."