ಇಟಲಿಗೆ ಮುನ್ನ ಕೂರುವ ತಾಲೀಮು

ಅಡುಗೆಮನೆಯಿಂದ ಶೇಂಗಾ ಹುರಿಯುವ ವಾಸನೆ ಬರುತ್ತಿದೆ. ಸದ್ಯಕ್ಕೆ ಘಮ ಅನ್ನಬಹುದು. ಆದರೆ ಮದುವೆಯಾದಾಗಿನಿಂದ ಶೇಂಗಾ ಹುರಿಯುತ್ತಾ ಬಂದ ಮೂಗು ನನ್ನದು. ಇನ್ನು ಸ್ವಲ್ಪ ಹೊತ್ತಿಗೆ ಸೀಯುತ್ತದೆ ಎಂದು ಅದಕ್ಕೆ ಗೊತ್ತು. ಒಲೆಯ ಮುಂದೆ ನಿಂತಿರುವವರು ನಮ್ಮ ಯಜಮಾನರು. ನಾನು ನಾಸಿಕದ ನಮ್ಮ ಮನೆಯ ಬಾಲ್ಕನಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೇನೆ. ಏಳುವಂತಿಲ್ಲ. ಎದ್ದರೆ ನಪಾಸು. ಇದೆಂಥ ಪರೀಕ್ಷೆ ತಾಯಿ ಅನ್ನುತ್ತೀರಾ? ಹೇಳುತ್ತೇನೆ. ನಿಮಗೆ ಹೇಳುತ್ತಾ ಇದ್ದರೆ ನನಗೂ ಕೂರಲು ಒಂದು ನೆಪವಾಗುತ್ತದೆ.

ನಾವು ಕಲಬುರಗಿಯವರು. ಯಜಮಾನರ ಬ್ಯಾಂಕಿನ ವರ್ಗಾವಣೆ ನಮ್ಮನ್ನು ನಾಸಿಕಕ್ಕೆ ತಂದು ಹಾಕಿತು, ಆಮೇಲೆ ಮರೆತೇಬಿಟ್ಟಿತು. ಅವರ ಕೆಲಸ ಶಾಖೆಗಳ ತಪಾಸಣೆ. ಊರಿಗೆ ಹೋಗುವುದು, ಲೋಪ ಹುಡುಕುವುದು, ಸಂಜೆಯ ಬಸ್ಸು ಹಿಡಿಯುವುದು. ಕೆಲಸ ಬಿಟ್ಟರೂ ಕೆಲಸದ ಚಾಳಿ ಬಿಡುತ್ತದೆಯೇ? ದೇವಸ್ಥಾನಕ್ಕೆ ಕರೆದುಕೊಂಡು ಹೋದರೂ ಅವರು ಮೊದಲು ನೋಡುವುದು ದೇವರನ್ನಲ್ಲ, ತಿರುಗದ ಫ್ಯಾನನ್ನು.

ಅವರು ನಿವೃತ್ತರಾದಾಗ ಇಟಲಿಯ ಮಾತು ತೆಗೆದವಳು ನಾನು. ಅದಕ್ಕೆ ಕಾರಣ ನಮ್ಮ ಅಡುಗೆಮನೆಯ ಕ್ಯಾಲೆಂಡರು. ಅದರಲ್ಲೊಂದು ಚಿತ್ರ: ಕೋಮೋ ಸರೋವರ, ದಂಡೆಯಲ್ಲೊಂದು ಬಿಳಿ ಕುರ್ಚಿ, ಮುಂದೆ ಮೇಜು, ಮೇಜಿನ ಮೇಲೆ ಒಂದು ಕಪ್ಪು. ಕುರ್ಚಿ ಖಾಲಿ. ತಿಂಗಳು ಮುಗಿದರೂ ನಾನು ಆ ಹಾಳೆ ತಿರುವಲಿಲ್ಲ. ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಅದನ್ನೇ ನೋಡುತ್ತಿದ್ದೆ. ಒಂದೇ ಒಂದು ದಿನ ಆ ಕುರ್ಚಿಯಲ್ಲಿ ಕೂರಬೇಕು, ಚಹಾ ಬೇರೆ ಯಾರಾದರೂ ತಂದು ಕೊಡಬೇಕು. ನನಗೆ ಇಟಲಿ ಅಂದರೆ ಅಷ್ಟೇ.

ಯಜಮಾನರ ಇಟಲಿ ಬೇರೆ. ರೋಮ್ ಬೆಳಿಗ್ಗೆ, ಫ್ಲಾರೆನ್ಸ್ ಮಧ್ಯಾಹ್ನ, ಪೀಸಾ ದಾರಿಯಲ್ಲಿ. ಪೀಸಾದ ಗೋಪುರದ ಫೋಟೋ ನೋಡಿ, "ಇಷ್ಟು ವರ್ಷದಿಂದ ವಾಲಿ ನಿಂತದ. ಯಾರೂ ರಿಪೋರ್ಟ್ ಬರ್ದಿಲ್ಲೇನು?" ಅಂದರು.

"ಅದೆಲ್ಲ ನೀವು ನೋಡ್ರಿ. ನನಗ ಒಂದು ದಿನ ಸುಮ್ಮ ಕೂಡಬೇಕಾಗ್ಯದ," ಅಂದೆ.

"ಸುಮ್ಮ ಕೂಡ್ಲಿಕ್ಕಿ ಅಷ್ಟು ದೂರ ಯಾಕ ಹೋಗ್ಬೇಕು? ಇಲ್ಲೇ ಬಾಲ್ಕನಿ ಅದಲ್ಲ!"

ಆ ದಿನ ಅವರ ಜೊತೆ ಮಾತು ಬಿಟ್ಟೆ. ಮಗಳು ನಡುವೆ ಬಂದಳು. ನಾಸಿಕದಲ್ಲೇ ಹುಟ್ಟಿ ಬೆಳೆದವಳು. ಅವಳ ಒಂದು ವಾಕ್ಯದಲ್ಲಿ ಎಷ್ಟು ಭಾಷೆಗಳು ಬರುತ್ತವೆ ಎಂದು ನಾನು ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. "ಪಪ್ಪಾ, ಥೋಡಂ ಸೈಟ್‌ಸೀಯಿಂಗ್, ಥೋಡಂ ರಿಲ್ಯಾಕ್ಸ್. ಮಿಕ್ಸ್ ಮಾಡ್ರಿ ನಾ! ಪೈಲೆ ಒಂದು ಟ್ರಯಲ್ ಮಾಡ್ರಿ, ಇಥೇ ಸಂಭಾಜಿನಗರಾತ್."

ಮೊದಲು ಇಲ್ಲೇ ಹತ್ತಿರದ ಸಂಭಾಜಿನಗರದಲ್ಲೊಂದು ತಾಲೀಮು ಅಂದ ಕೂಡಲೇ ಯಜಮಾನರು ಖುಷಿಯಾದರು. ಶನಿವಾರ ವೇರೂಳದ ಗವಿಗಳು, ದೌಲತಾಬಾದಿನ ಕೋಟೆ. ಭಾನುವಾರ ಸಂಭಾಜಿನಗರದ ಹೋಟೆಲಿನ ತೋಟದಲ್ಲಿ ಪೂರ್ತಿ ಆರಾಮು. ನಾನು ಹಾಕಿದ ಷರತ್ತು ಒಂದೇ: "ಸುವರ್ಣಕ್ಕಗ ಹೇಳಬ್ಯಾಡ್ರಿ."

ಸುವರ್ಣಕ್ಕ ಭಾಲ್ಕಿ ಕಡೆಯವಳು. ಮೊದಲು ನಾಸಿಕದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದಳು, ಈಗ ಸಂಭಾಜಿನಗರದಲ್ಲಿ ಅವರ ಬಟ್ಟೆ ಅಂಗಡಿ. ಊರು ಬಿಟ್ಟು ಬಂದ ನಮ್ಮಂಥ ಕನ್ನಡದವರಲ್ಲಿ ಒಂದು ಕಾನೂನಿದೆ, ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದಿಲ್ಲ: ಗುರುತಿನವರಿರುವ ಊರಿನಲ್ಲಿ ಹೋಟೆಲಿನಲ್ಲಿ ಇಳಿಯಬಾರದು. ಇಳಿದರೆ ಆ ಮಾತನ್ನು ಮೊಮ್ಮಕ್ಕಳ ಕಾಲದವರೆಗೂ ಕೇಳಬೇಕಾಗುತ್ತದೆ.

ಹೋದ ಚಳಿಗಾಲದಲ್ಲಿ ಕಾರಿನಲ್ಲಿ ಹೊರಟೆವು. ಚಾಂದವಡದಲ್ಲಿ ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಾಗ ಯಜಮಾನರು, "ಇಟಲಿಯಾಗ ಹಿಂಗ ಆದ್ರ ಫ್ಲಾರೆನ್ಸ್ ಹೋತು ನೋಡು," ಎಂದು ನಿಜವಾಗಿಯೂ ಚಡಪಡಿಸಿದರು. ವೇರೂಳದಲ್ಲಿ, ಇಡೀ ಗುಡ್ಡವನ್ನು ಮೇಲಿನಿಂದ ಕೊರೆದು ಇಳಿಸಿದ ದೇವಸ್ಥಾನದ ಮುಂದೆ ನಾನು ಬಾಯಿ ಬಿಟ್ಟುಕೊಂಡು ನಿಂತೆ. ಬಾಯಿ ಮುಚ್ಚುವಷ್ಟರಲ್ಲಿ ಅವರು ಪಕ್ಕದ ಗವಿ ಮುಗಿಸಿ ಬಂದಿದ್ದರು. "ಇದು ಆತು. ನಡಿ."

ದೌಲತಾಬಾದಿನಲ್ಲಿ ನಾನು ಹತ್ತಲಿಲ್ಲ. ಅವರು ಕೋಟೆಯ ತುದಿಗೆ ಹೋಗಿ ಬರುವವರೆಗೆ ಕೆಳಗೆ ಪೇರಲಹಣ್ಣು ಮಾರುವ ಹೆಂಗಸೊಬ್ಬಳು, "ಬಸಾ ತಾಈ," ಎಂದು ತನ್ನ ಸ್ಟೂಲು ಕೊಟ್ಟಳು. ಆಹಾ, ಭಾನುವಾರದ ಆರಾಮು ಶನಿವಾರವೇ ಸಿಕ್ಕಿತಲ್ಲ ಅಂದುಕೊಂಡು ಕೂತೆ. ಯಜಮಾನರು ಇಳಿದು ಬಂದು, "ಇದೇನು ಮಾಡ್ಲತ್ತಿ?" ಅಂದಾಗ ನೋಡಿಕೊಂಡೆ: ಅವಳ ಬುಟ್ಟಿಯಲ್ಲಿ ಕಾಯಿ ಬೇರೆ, ಹಣ್ಣು ಬೇರೆ ಮಾಡಿ ಜೋಡಿಸುತ್ತಿದ್ದೆ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಭಾನುವಾರ ಬೆಳಿಗ್ಗೆ ಹೋಟೆಲಿನ ತೋಟದಲ್ಲಿ ಬಿಳಿ ಕುರ್ಚಿ, ಮೇಜು, ಕಪ್ಪು, ಎಲ್ಲ ಕ್ಯಾಲೆಂಡರಿನಲ್ಲಿದ್ದಂತೆಯೇ. ಸರೋವರದ ಬದಲು ಮಕ್ಕಳು ಧುಮುಕುವ ಈಜುಕೊಳ, ಅಷ್ಟೇ ವ್ಯತ್ಯಾಸ. ಕೂತೆ. ಸುಖ ಅಂದರೆ ಇದೇ ಅಂದುಕೊಂಡೆ. ಆಮೇಲೆ ಮೇಜಿನ ಬಟ್ಟೆ ಸುಕ್ಕಾಗಿದ್ದು ಕಂಡಿತು, ಸವರಿದೆ. ಮನೆಯಲ್ಲಿ ಗ್ಯಾಸ್ ಬಂದ್ ಮಾಡಿದ್ದೆನೇ? ಹಾಲಿನವನಿಗೆ ಹೇಳಿದ್ದೆನೇ? ಕಾಗದದ ಕರವಸ್ತ್ರಗಳನ್ನು ಮಡಚಿ ಗೋಪುರ ಮಾಡಿದೆ. ಪಕ್ಕದ ಮೇಜಿನ ಎಂಜಲು ಕಪ್ಪುಗಳನ್ನು ಒಂದರೊಳಗೊಂದು ಇಡುವಾಗ ವೇಟರು ಓಡಿ ಬಂದು, "ಮ್ಯಾಡಮ್, ಆಪ್ ರೆಹನೇ ದೀಜಿಯೇ," ಎಂದು ಕೈಮುಗಿದ. ಪಕ್ಕದಲ್ಲಿ ಯಜಮಾನರು ಮುಖದ ಮೇಲೆ ಪೇಪರು ಹೊದ್ದು ಗೊರಕೆ ಹೊಡೆಯುತ್ತಿದ್ದರು. ನನ್ನ ಕೈ ತಾನೇ ಪರ್ಸಿಗೆ ಹೋಯಿತು, ಫೋನು ತೆಗೆಯಿತು, ಸುವರ್ಣಕ್ಕನ ಹೆಸರು ಒತ್ತಿತು.

"ಅಕ್ಕಾ, ಆರಾಮ್ ಇದ್ದೀರಿ?"

"ನಾ ಆರಾಮ್ ಇದ್ದೀನಿ. ಹಿಂದ ಎಂಥಾದ್ದು ನೀರಿನ ಸಪ್ಪಳ? ಎಲ್ಲಿದ್ದಿ?"

"ಇಲ್ಲೇ ಅಕ್ಕಾ... ಒಂದು ಹೋಟೆಲ್‌ನಾಗ..."

"ಯಾವ ಊರಾಗಿನ ಹೋಟೆಲ್?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ. ಆ ಕಡೆಯಿಂದ, "ನಾವೇನ್ ಸತ್ತಿದ್ವೇನು?" ಎಂದಳು, ಫೋನು ಇಟ್ಟಳು. ಚಹಾ ಆರುವ ಮೊದಲೇ ರಿಕ್ಷಾದಲ್ಲಿ ಬಂದು ಇಳಿದಳು. ನಮ್ಮ ಸೂಟ್‌ಕೇಸನ್ನು ತಾನೇ ಎತ್ತಿಕೊಂಡಳು. ಯಜಮಾನರು ಪೇಪರು ಸರಿಸಿ, "ಯಾರು ಹೇಳಿದ್ರು?" ಎಂದು ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ.

"ನೀ ಕೂಡು, ಏನೂ ಮಾಡಬ್ಯಾಡ," ಎಂದಳು ಸುವರ್ಣಕ್ಕ, ತನ್ನ ಮನೆಯೊಳಗೆ ಕಾಲಿಟ್ಟ ಕೂಡಲೇ. ನಾನು, "ಹಿಟ್ಟಿನ ಡಬ್ಬಿ ಎಲ್ಲಿಟ್ಟೀರಿ?" ಅಂದೆ.

ಅವಳು ಪುಂಡಿಪಲ್ಯ ಮಾಡಿದಳು, ನಾನು ರೊಟ್ಟಿ ಬಡಿದೆ. ಯಾರ ಮಗಳ ಮದುವೆ, ಯಾರ ಮೊಣಕಾಲು ನೋವು, ಯಾರ ಸೊಸೆ ಯಾರಿಗೆ ಏನಂದಳು. ನಗುತ್ತಾ ನಗುತ್ತಾ ಒಂದು ರೊಟ್ಟಿ ಹೊತ್ತಿಯೂ ಹೋಯಿತು. ನನಗೆ ಭಾಳ ಸಂತೋಷವಾಯಿತು, ಇಲ್ಲ ಅನ್ನಲಾರೆ. ಆದರೆ ಸಂಜೆ ಕಾರಿನಲ್ಲಿ ಕೂತಾಗ ತೋಟದ ಆ ಬಿಳಿ ಕುರ್ಚಿ ನೆನಪಾಯಿತು. ಕುರ್ಚಿ ಸಿಕ್ಕಿತ್ತಲ್ಲ, ಯಾರೂ ಕಿತ್ತುಕೊಂಡಿರಲಿಲ್ಲವಲ್ಲ. ನನಗೇ ಕೂರಲು ಬರಲಿಲ್ಲ. ನಮ್ಮವ್ವ ಕೂತದ್ದನ್ನು ನೆನಪಿಸಿಕೊಳ್ಳಲು ನೋಡಿದೆ. ಅವಳು ಕೂತಾಗಲೆಲ್ಲ ಮುಂದೆ ಒಂದು ಮೊರ ಇರುತ್ತಿತ್ತು. ಮೊರವಿಲ್ಲದೆ ಕೂತ ಅವ್ವ ನನಗೆ ನೆನಪಾಗಲೇ ಇಲ್ಲ. ಇಟಲಿಗೆ ಹೋಗಿಯೂ ನಾನು ಯಾರದೋ ಕಪ್ಪು ಜೋಡಿಸಿ ಬರುವುದೇ ಆದರೆ ಯಾಕೆ ಹೋಗಬೇಕು ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಯಜಮಾನರು ಊಟವಾದ ಮೇಲೂ ಸುವರ್ಣಕ್ಕನ ದಿವಾನಿನ ಮೇಲೆ ಸಂಜೆಯವರೆಗೆ ಮಲಗಿ ಎದ್ದಿದ್ದರು. "ಆರಾಮ್ ಅನ್ನೋದು ಭಾಳ ಛಲೋ ಅದ ನೋಡು. ಇಟಲಿಯಾಗ ಎರಡು ದಿನ ಇಡೋಣು," ಅಂದರು. ಆಮೇಲೆ ನನ್ನ ಮುಖ ನೋಡಿದರು. ನಾಸಿಕ ಬಂದಾಗ ತಪಾಸಣಾಧಿಕಾರಿಯ ದನಿಯಲ್ಲಿ ತೀರ್ಪು ಕೊಟ್ಟರು: "ನಾ ಪಾಸ್. ನೀ ನಪಾಸ್. ನಿಂದು ಮತ್ತೊಮ್ಮಿ ತಪಾಸಣಿ ಆಗ್ಬೇಕು. ಪ್ರತಿ ಭಾನುವಾರ ನೀ ಬಾಲ್ಕನಿಯಾಗ, ನಾ ಅಡಗಿಮನ್ಯಾಗ."

ಮೊದಲ ಭಾನುವಾರ ಕುಕ್ಕರ್ ಸೀಟಿ ಹೊಡೆದದ್ದೇ ಎದ್ದು ಓಡಿದೆ. ಮುಂದಿನ ವಾರ ಹಾಲು ಉಕ್ಕುವ ಸದ್ದಿಗೆ ಎದ್ದೆ. ಇನ್ನೊಮ್ಮೆ ಸದ್ದೇ ಇಲ್ಲವಲ್ಲ ಎಂಬ ಗಾಬರಿಗೆ ಎದ್ದೆ. ಈಗ ಟಿಕೆಟ್ ಬಂದಿದೆ, ಬರುವ ವಾರ ಪಯಣ. ಮೊನ್ನೆ ಇವರು, "ಮಿಲಾನ್‌ದಾಗ ನಮ್ಮ ಹುಮನಾಬಾದದವರು ಒಬ್ರು ಅದಾರಂತ, ನಂಬರ್ ಸಿಕ್ಕದ," ಅಂದರು.

"ಆ ನಂಬರ್ ನನ್ನ ಕೈಗಿ ಸಿಗ್ಲಾರದಂಗ ಇಡ್ರಿ," ಅಂದೆ.

ಇಟಲಿಗೆ ಶೇಂಗಾ ಹಿಂಡಿ, ಅಂದರೆ ನಮ್ಮ ಶೇಂಗಾ ಚಟ್ನಿಪುಡಿ, ಬೇಕೇ ಬೇಕು, ಅದನ್ನು ತಾನೇ ಮಾಡುತ್ತೇನೆ ಎಂದು ಇವತ್ತು ಹಟ ಹಿಡಿದು ಒಳಗೆ ಹೋಗಿದ್ದಾರೆ. ಅಗೋ, ನಾನು ಹೇಳಲಿಲ್ಲವೇ? ಸೀಯಿತು. ಒಳಗೆ ಯಾವುದೋ ಡಬ್ಬಿ ಬಿತ್ತು, ಮುಚ್ಚಳ ಉರುಳಿಕೊಂಡು ಹೋಗುತ್ತಿದೆ. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಎದುರು ಮನೆಯ ಮರಾಠಿ ಹೆಂಗಸು, ಓಣಿಗೆಲ್ಲ ಕಾಕು, ಕಿಟಕಿಯಿಂದ ತಲೆ ಹಾಕಿ, "ಅಹೋ, ಕಾಹೀತರೀ ಜಳತಂಯ್ ತುಮಚ್ಯಾಕಡೆ!" ಎಂದು ಕೂಗಿದಳು.

"ಜಳೂ ದ್ಯಾ, ಕಾಕೂ," ಅಂದೆ. ಸುಡಲಿ ಬಿಡಿ.

ಯಜಮಾನರು ಬಂದರು. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ತಟ್ಟೆ, ತಟ್ಟೆಯಲ್ಲಿ ಕಾಡಿಗೆಯ ಬಣ್ಣದ ಹಿಂಡಿ. ಹುಬ್ಬಿನ ಮೇಲೆಲ್ಲ ಖಾರದಪುಡಿ. "ಥೋಡೆ ಕರ್ರಗಾಗ್ಯದ," ಅಂದರು. ಆಮೇಲೆ ಕುರ್ಚಿ ನೋಡಿದರು, ಕುರ್ಚಿಯಲ್ಲಿದ್ದ ನನ್ನನ್ನು ನೋಡಿದರು. "ಏಳಲಿಲ್ಲೇನು ನೀ?"

"ಇಲ್ಲ."

ಚಹಾದಲ್ಲಿ ಸಕ್ಕರೆ ಇರಲಿಲ್ಲ. ಬಾಲ್ಕನಿಯ ಆಚೆ ಸರೋವರವೂ ಇರಲಿಲ್ಲ, ಕಾಕು ಒಣಹಾಕಿದ ಸೀರೆ ಇತ್ತು. ಪೂರ್ತಿ ಕುಡಿದೆ. ಕುಡಿದು, ಕಪ್ಪನ್ನು ನಾನೇ ಒಳಗೆ ಇಟ್ಟು ಬರಲು ಎದ್ದವಳು ಅರ್ಧಕ್ಕೇ ತಡೆದು, ಮತ್ತೆ ಕೂತು, ಖಾಲಿ ಕಪ್ಪನ್ನು ಅವರ ಕಡೆ ಚಾಚಿದೆ.

"ಇನ್ನೊಂದು ಕಪ್ ತರ್ರಿ," ಅಂದೆ.