ಬಾಣಂತಿಯ ಹಂಡೆಯಲ್ಲಿ ಹಾಲಿನ ಡಬ್ಬಿ

ಡಬ್ಬಿಯನ್ನು ಬಚ್ಚಲ ಹಂಡೆಗೆ ಇಳಿಬಿಟ್ಟವನು ನನ್ನ ಭಾವ, ಅಕ್ಕನ ಗಂಡ. ಅದನ್ನು ಅಡುಗೆ ಒಲೆಯ ಹತ್ತಿರ ಬಿಡದಿದ್ದವಳು ಅವ್ವ. ಎರಡನ್ನೂ ನಾನು ಕಣ್ಣಾರೆ ಕಂಡೆ. ಮುಂದೆ ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಿದ್ದರು. ಆದ್ದರಿಂದ ನಾನು ಕಂಡದ್ದನ್ನು, ಕಂಡ ಕ್ರಮದಲ್ಲಿಯೇ ಬರೆಯುತ್ತೇನೆ.

ಅದು ಯುದ್ಧದ ಕಾಲ. ಹೊಸಪೇಟೆಯಲ್ಲಿ ಸಕ್ಕರೆಗೆ ಪರದಾಡಬೇಕಾಗಿತ್ತು. ಅಕ್ಕ ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಹೆರಿಗೆ ಕಷ್ಟವಾಗಿ ರಕ್ತ ಬಹಳ ಹೋಗಿತ್ತು. ಎದ್ದು ಕೂತರೆ ಕಣ್ಣಿಗೆ ಕತ್ತಲೆ ಬರುವಷ್ಟು ಸೋತಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿತ್ತು. ಸಂಡೂರಿನ ಗಣಿಯೊಂದರ ಉಗ್ರಾಣದಲ್ಲಿ ಕೆಲಸಕ್ಕಿದ್ದ ಭಾವ, ಆ ದಿನದ ಸಿಹಿಗೆಂದು ಗಟ್ಟಿ ಹಾಲಿನ ದೊಡ್ಡ ಡಬ್ಬಿಯೊಂದನ್ನು ತಂದಿದ್ದ. ಸಕ್ಕರೆ ಅದರಲ್ಲೇ ಬೆರೆತಿರುತ್ತದೆ. ಗಣಿಯ ಬಿಳಿ ದೊರೆಗಳ ಬಂಗಲೆಯ ಬಟ್ಲರ್ ಅವನಿಗೆ ಒಂದು ಸುಲಭದ ಸಿಹಿಯನ್ನು ಹೇಳಿಕೊಟ್ಟಿದ್ದನಂತೆ. ಡಬ್ಬಿಯನ್ನು ಒಡೆಯದೆ, ಹಾಗೆಯೇ ನೀರಿನಲ್ಲಿ ಮುಳುಗಿಸಿ ಕುದಿಸಬೇಕು. ಮುಂಜಾನೆ ಇಟ್ಟರೆ ಊಟದ ಹೊತ್ತಿಗೆ ಒಳಗಿನ ಹಾಲು ಕೆಂಪಗಾಗಿ ಪೇಡೆಯ ಹದಕ್ಕೆ ಬಂದಿರುತ್ತದೆ. ಆರಿದ ಮೇಲೆ ಪುಠಾಣಿ ಹಿಟ್ಟು ಕಲಸಿ ಉಂಡೆ ಕಟ್ಟಿದರೆ ಆಯಿತು. ಕಾರ್ಯಕ್ಕೆ ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ.

“ಕಲಕೋದು ಬ್ಯಾಡ, ತಳ ಹತ್ತೋದಿಲ್ಲ, ಕೈ ನೋಯೋದಿಲ್ಲ,” ಎಂದ ಭಾವ.

“ಕೈ ನೋಯದಂಗ ಆಗೋ ಸಿಹಿ ಯಾವೂರ ಸಿಹಿರೀ ಅದು,” ಎಂದಳು ಅವ್ವ. “ಎಲ್ಲೆಲ್ಲಿ ತಿರುಗಿ, ಯಾರ‍್ಯಾರ ಕೈಯಾಗ ಬಂದೈತೋ. ನನ್ನ ಒಲಿಗೆ ಬ್ಯಾಡ. ಬಚ್ಚಲ ಹಂಡ್ಯಾಗ ಹಾಕ್ರಿ. ಹೆಂಗೂ ಬೆಂಕಿ ಇರತೈತಿ.”

ಭಾವ ನಕ್ಕು, ಡಬ್ಬಿಯನ್ನು ಹಂಡೆಯ ತಳಕ್ಕೆ ಬಿಟ್ಟ. ಬಿಡುವಾಗ ಎಲ್ಲರಿಗೂ ಕೇಳುವಂತೆ ಹೇಳಿದ: “ನೀರು ಡಬ್ಬಿ ಮ್ಯಾಲ ಇರಬೇಕು. ಕಡಿಮಿ ಆದಂಗ ಹಾಕ್ತಾ ಇರ್ರಿ. ತಳ ಒಣಗಿತು ಅಂದ್ರ ಸಿಡಿತೈತಿ. ಬಂಗಲ್ಯಾಗ ಹಂಗಾಗಿ ಒಬ್ಬಾಕಿ ಮುಖ ಸುಟ್ಟೈತಿ.”

ನಮಗದು ಕಷ್ಟದ ಮಾತೆನಿಸಲಿಲ್ಲ. ನಮ್ಮ ಮನೆಯ ಹಂಡೆ ಎಂದೂ ಬರಿದಾಗುತ್ತಿರಲಿಲ್ಲ. ಒಂದು ಚೊಂಬು ಬಿಸಿನೀರು ತೆಗೆದವರು ಒಂದು ಚೊಂಬು ತಣ್ಣೀರು ಸುರಿದೇ ಬರಬೇಕು. ಸಣ್ಣವರಿದ್ದಾಗಿನಿಂದ ಅದು ಕೈಗೆ ಕೂತ ರೂಢಿ.

ಬಾಣಂತಿಯ ನೀರಿಗೆ ಆ ರೂಢಿ ಇಲ್ಲ. ಅದು ನಮಗೆಲ್ಲ ಗೊತ್ತಿತ್ತು, ಆದರೆ ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಬಾಣಂತಿ ಸ್ನಾನಕ್ಕೆ ಕೂತ ಮೇಲೆ ಹಂಡೆಗೆ ಹಸಿ ನೀರು ಹಾಕಬಾರದು. ಬೆರೆಸಲು ಬೇಕಾದ ನೀರನ್ನೂ ಮೊದಲೇ ಕಾಯಿಸಿ ಆರಿಸಿ ಇಟ್ಟಿರಬೇಕು. ಹಸಿ ನೀರು ಬೆರೆತರೆ ಶೀತ ಹತ್ತಿ, ಸನ್ನಿಗೆ ತಿರುಗಿ, ಹೆಣ್ಣು ಉಳಿಯುವುದಿಲ್ಲ ಎನ್ನುತ್ತಿದ್ದರು. ಹಾಗೆ ಉಳಿಯದ ಒಬ್ಬಳು ನಮ್ಮ ಓಣಿಯಲ್ಲಿಯೇ ಇದ್ದಳು.

ಸೂಲಗಿತ್ತಿ ಆ ದಿನ ಬೇಗ ಬಂದಳು. ಪಾಪಿನಾಯಕನಹಳ್ಳಿಯಲ್ಲಿ ಯಾರಿಗೋ ಬೇನೆ ಶುರುವಾಗಿ, ಗಾಡಿ ಕಳಿಸಿದ್ದರು. ಗಾಡಿ ನಮ್ಮ ಬಾಗಿಲಲ್ಲೇ ನಿಂತಿತ್ತು. ಕೂಸಿಗೆ ಎರೆದು ಅವ್ವನ ಕೈಗೆ ಕೊಟ್ಟು, ಅಕ್ಕನನ್ನು ಹಂಡೆಯ ಪಕ್ಕದ ಕಲ್ಲಿನ ಮೇಲೆ ಕೂರಿಸಿದಳು. ಕೈ ಚಾಚಿದರೆ ಹಂಡೆ ಮುಟ್ಟುವಷ್ಟು ಹತ್ತಿರ. ಬಾಗಿಲಿಗೆ ಕಂಬಳಿ ಇಳಿಬಿಟ್ಟಿತ್ತು. ಉರಿ ಹಾಕುವ ಒಲೆಯ ಬಾಯಿ ಗೋಡೆಯ ಆಚೆ, ಹಿತ್ತಲಲ್ಲಿತ್ತು. ಭಾವ ಅಲ್ಲಿ ನಿಂತಿದ್ದ.

ನಾನು ಬಾವಿಯ ನೀರಿನ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಕಂಬಳಿ ಸರಿಸಿದೆ.

“ಎಲ್ಲಿಗೆ ತಂದೀ ಅದನ್ನ?” ಎಂದಳು ಸೂಲಗಿತ್ತಿ.

“ಹಂಡಿಗೆ, ಆಯಿ. ಡಬ್ಬಿ ಐತಿ.”

“ನಿಮ್ಮಕ್ಕ ಬೇಕೋ ಡಬ್ಬಿ ಬೇಕೋ? ಹೊರಗ ನಿಂದ್ರು.”

ನಾನು ಹೊರಗೆ ನಿಂತೆ. ಅವಳು ಚೊಂಬಿನ ಮೇಲೆ ಚೊಂಬು ಸುರಿಯುತ್ತಿದ್ದ ಸದ್ದು ಕೇಳುತ್ತಿತ್ತು. ಗೋಡೆಯ ಆಚೆಯಿಂದ ಭಾವ, “ಹಂಡ್ಯಾಗ ನೀರು ಎಷ್ಟೈತಿ ಕೇಳು,” ಎಂದ. ಹಿರಿಯರ ಮುಂದೆ ಅವನು ಅಕ್ಕನೊಡನೆ ನೇರವಾಗಿ ಮಾತನಾಡುತ್ತಿರಲಿಲ್ಲ; ಏನು ಬೇಕಾದರೂ ನನ್ನ ಬಾಯಿಂದಲೇ ಹೇಳಿಸುತ್ತಿದ್ದ.

“ನೀರು ಎಷ್ಟೈತಿ ಅಂತ ಕೇಳ್ತಾರ, ಆಯಿ.”

“ಬೇಕಾದಷ್ಟೈತಿ ಅನ್ನು. ಅಳಿಯದೇವ್ರು ಬಾಣಂತನಾನೂ ತಾವ ಮಾಡ್ತಾರೇನು ಕೇಳು.”

ಒಳಗೆ ಅಕ್ಕ ನಕ್ಕದ್ದು ಕೇಳಿಸಿತು. ಆಮೇಲೆ ಚೊಂಬು ತಾಮ್ರದ ತಳಕ್ಕೆ ಉಜ್ಜಿದ ಸದ್ದು. ನಾನು ಕಂಬಳಿಯ ಅಂಚಿನಿಂದ ಇಣುಕಿದೆ. ಹಂಡೆಯಲ್ಲಿ ಬೆರಳು ಮುಳುಗುವಷ್ಟು ನೀರೂ ಇರಲಿಲ್ಲ. ಡಬ್ಬಿ ಮಗ್ಗುಲಾಗಿ ಬಿದ್ದಿತ್ತು, ಮೇಲ್ಮೈ ಒಣಗಿ ಹೋಗಿತ್ತು. ಮುಂಜಾನೆ ಚಪ್ಪಟೆಯಾಗಿದ್ದ ಅದರ ಮುಚ್ಚಳ ಈಗ ಬೋರಲು ಹಾಕಿದ ಬಟ್ಟಲಿನಂತೆ ಹೊರಗೆ ಉಬ್ಬಿತ್ತು. ನೋಡುತ್ತಿದ್ದಂತೆಯೇ ಅದರಿಂದ ಟಕ್ ಎಂದು ಸದ್ದು ಬಂತು. ಅಕ್ಕ ತಲೆ ಬಗ್ಗಿಸಿ ಕೂತಿದ್ದಳು, ಕೂದಲ ತುಂಬ ಸೀಗೆಕಾಯಿ. ಅವಳ ಕಿವಿ ಹಂಡೆಯ ಅಂಚಿನ ಮಟ್ಟಕ್ಕಿತ್ತು.

“ಭಾವ, ತಳ ಕಾಣತೈತಿ,” ಎಂದೆ. ನನ್ನ ದನಿ ದೊಡ್ಡದಾಗಿರಲಿಲ್ಲ. ಅವನಿಗೆ ಕೇಳಿಸಿತು.

ಅವನು ಒಲೆಯಿಂದ ಉರಿಯುವ ಕಟ್ಟಿಗೆಗಳನ್ನು ಬರಿಗೈಯಲ್ಲಿ ಎಳೆದು ಹಿತ್ತಲಿಗೆ ಎಸೆದ. ಕೆಂಡ ಒಳಗೇ ಉಳಿಯಿತು. ಸುತ್ತು ಬಳಸಿ ಬಚ್ಚಲ ಬಾಗಿಲಿಗೆ ಬಂದು, ಕಂಬಳಿಯ ಹೊರಗೇ ನಿಂತು, ಅವ್ವನೂ ಸೂಲಗಿತ್ತಿಯೂ ಇದ್ದಂತೆಯೇ ಅಕ್ಕನಿಗೆ ಹೇಳಿದ:

“ಏ, ಎದ್ದು ಬಾ. ಹೆಂಗದಿಯೋ ಹಂಗ ಬಾ. ಈಗ.”

ಅಕ್ಕ ಎದ್ದಳು. ಸೂಲಗಿತ್ತಿ ಅವಳ ತೋಳು ಹಿಡಿದಿದ್ದಳು, ಆದರೂ ಎದ್ದಳು. ನಾನು ಕೊಡ ಇಳಿಸಿ ಒಳಗೆ ಹೋಗಿ ಅವಳ ಇನ್ನೊಂದು ತೋಳಿಗೆ ಹೆಗಲು ಕೊಟ್ಟೆ. ಒದ್ದೆ ಸೀರೆಯಲ್ಲಿ, ಸುರಿಯುವ ಕೂದಲಿನಲ್ಲಿ ಅವಳು ಅಂಗಳದ ಗಾಳಿಗೆ ಬಂದಳು. ಅವ್ವ ಕೂಸನ್ನು ಎದೆಗವಚಿಕೊಂಡು, ತನ್ನ ಸೆರಗನ್ನೇ ಅವಳ ತಲೆಗೆ ಹೊದಿಸಿದಳು. ಅಕ್ಕನ ಹಲ್ಲು ಕಟಕಟ ಎನ್ನುತ್ತಿದ್ದವು.

“ಹಸಿ ಬಾಣಂತಿನ ಗಾಳಿಗೆ ಹಿಡದ್ರಿ,” ಎಂದಳು ಸೂಲಗಿತ್ತಿ. “ನಾಳೆ ಸನ್ನಿ ಆದ್ರ ನನ್ನನ್ನ ಕೇಳಬ್ಯಾಡ್ರಿ.”

ನೀರು ಸುರಿಯಲೂ ಭಾವ ಯಾರನ್ನೂ ಆ ಉಬ್ಬಿದ ಡಬ್ಬಿಯ ಹತ್ತಿರ ಬಿಡಲಿಲ್ಲ. ನಾವು ಕಾದೆವು. ಏನೂ ಆಗಲಿಲ್ಲ.

ಇದನ್ನು ಬರೆಯುವುದು ನನಗೆ ಕಷ್ಟ, ಏಕೆಂದರೆ ಏನೂ ಆಗದ ಆ ಹೊತ್ತು ಬಹಳ ದೊಡ್ಡದಾಗಿತ್ತು. ಹಂಡೆ ಸುಮ್ಮನಿತ್ತು. ಹೊರಗೆ ಎತ್ತಿನ ಕೊರಳ ಗಂಟೆ ಅಲ್ಲಾಡುತ್ತಿತ್ತು. ಅಕ್ಕನ ತುಟಿ ನೀಲಿಗಟ್ಟುತ್ತಿತ್ತು.

“ಇನ್ನೇನು ಸಿಡಿತೈತ್ರಿ,” ಎಂದಳು ಅವ್ವ. ಅವಳ ದನಿಯಲ್ಲಿ ಅಳು ಇತ್ತು. “ಆರಿದ ನೀರು ತಂಬಗಿ ತುಂಬ ಉಳದೈತಿ. ತಲಿ ತೊಳೆದು ಬೆಚ್ಚಗ ಒರಸಿ ಕರಕೊಂಡು ಬರ್ತೀವಿ. ದಾರಿ ಬಿಡ್ರಿ.”

ಸೂಲಗಿತ್ತಿ ಅಕ್ಕನನ್ನು ತಿರುಗಿಸಿ ಹೊಸ್ತಿಲವರೆಗೆ ತಂದಾಗಿತ್ತು. ಭಾವ ಎರಡೂ ಕೈಗಳಿಂದ ಬಾಗಿಲ ಚೌಕಟ್ಟು ಹಿಡಿದು ಅಡ್ಡ ನಿಂತ. ಅಂಗೈಯ ಚರ್ಮ ಸುಲಿದಿತ್ತು. “ಬಿಡೋದಿಲ್ಲ ಅತ್ತಿ,” ಎಂದ. “ನಾನು ಇರೋ ತನಕ ಬಿಡೋದಿಲ್ಲ.”

ಅವ್ವ ಅವನ ತೋಳಿಗೆ ಕೈ ಹಾಕಿದಳು. ಅಳಿಯನನ್ನು ಅವಳು ಮುಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಗ ಅದು ಸಿಡಿಯಿತು. ಸದ್ದಿಗಿಂತ ಮೊದಲು ಕಂಬಳಿ ಹೊರಕ್ಕೆ ಉಬ್ಬಿದ್ದು ನನ್ನ ಕಣ್ಣಿಗೆ ಬಿತ್ತು. ಭಾವ ಮುಂದಕ್ಕೆ, ಅಕ್ಕನ ಮೇಲೆಯೇ ಮುಗ್ಗರಿಸಿದ. ಸುಟ್ಟ ಹಾಲಿನ ವಾಸನೆ ಹಿತ್ತಲೆಲ್ಲ ತುಂಬಿತು.

ಹಬೆ ಇಳಿದ ಮೇಲೆ ಒಳಗೆ ನೋಡಿದೆವು. ಡಬ್ಬಿಯ ತವರ ಎರಡು ಸೀಳಾಗಿ ಒಂದು ಚೂರು ಮೇಲಿನ ತೊಲೆಗೆ ನಾಟಿತ್ತು. ಕಂದು ಬಣ್ಣದ ಸಿಹಿ ಗೋಡೆಗೆ ಅಂಟಿ ಇನ್ನೂ ಗುಳ್ಳೆ ಏಳುತ್ತಿತ್ತು. ಅಕ್ಕ ಕೂತಿದ್ದ ಕಲ್ಲಿನ ಮೇಲೂ ಅದು ಬಿದ್ದಿತ್ತು, ದಪ್ಪಗೆ, ಬಹಳ.

ಸೂಲಗಿತ್ತಿಯೇ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡಳು. “ನಿಂತು ನೋಡ್ತೀರೇನು? ಅಗ್ಗಿಷ್ಟಿಗಿ ತರ್ರಿ, ಕಂಬಳಿ ತರ್ರಿ,” ಎಂದು ಅಕ್ಕನನ್ನು ಕೋಣೆಗೆ ಒಯ್ದು, ಅಂಗಾಲು ಬೆಚ್ಚಗಾಗುವವರೆಗೆ ಬೂದಿ ಹಚ್ಚಿ ಉಜ್ಜಿದಳು. ಗಾಡಿಯವನು ಎರಡು ಸಲ ಕೂಗಿದ. “ಬರ್ತೀನಿ ತಡಿಯೋ,” ಎಂದಳು, ಏಳಲಿಲ್ಲ.

ಜ್ವರ ಬರುವುದೆಂದು ನಾವೆಲ್ಲ ಕಾದೆವು. ಅವ್ವ ಹೋಗುತ್ತಾ ಬರುತ್ತಾ ಅಕ್ಕನ ಹಣೆ ಮುಟ್ಟುತ್ತಿದ್ದಳು. ಭಾವ ಅಂಗೈಗೆ ಎಣ್ಣೆ ಬಟ್ಟೆ ಸುತ್ತಿಕೊಂಡು ಕೋಣೆಯ ಹೊರಗೆ ಕೂತಿರುತ್ತಿದ್ದ. ಅವನು ಏನು ಯೋಚಿಸುತ್ತಿದ್ದನೋ ನನಗೆ ತಿಳಿಯದು. ತೊಟ್ಟಿಲ ಕಾರ್ಯ ಮುಂದಕ್ಕೆ ಹೋಯಿತು. ಜ್ವರ ಬರಲಿಲ್ಲ.

ಮತ್ತೆ ಎರೆಯುವ ದಿನ ಸೂಲಗಿತ್ತಿ ಅಕ್ಕನನ್ನು ನಡೆಸಿಕೊಂಡು ಬಚ್ಚಲವರೆಗೆ ಹೋದಳು. ಗೋಡೆಯನ್ನು ಕೆರೆದು ಸುಣ್ಣ ಬಳಿದಾಗಿತ್ತು. ಹೊಸ್ತಿಲಲ್ಲಿ ಅಕ್ಕ ನಿಂತುಬಿಟ್ಟಳು. ಒಳಗೆ ಬರುವುದಿಲ್ಲ ಎಂದು ಅವಳು ಹೇಳಲಿಲ್ಲ. ಕಾಲು ಎತ್ತಲಾಗಲಿಲ್ಲ, ಅಷ್ಟೇ.

“ಹೋಗ್ಲಿ ಬಿಡು ಮಗಳ,” ಎಂದಳು ಸೂಲಗಿತ್ತಿ. “ಹಿತ್ತಲದಾಗ ಎರೀತೀನಿ.”

ಬಾಣಂತಿಗೆ ಬಯಲಲ್ಲಿ ಎರೆಯುವುದನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಆದರೂ ಅವ್ವ ಬಾಯಿ ತೆರೆದ ಬೋಗುಣಿಯಲ್ಲಿ ನೀರು ಕಾಯಿಸಿದಳು. ಗಾಳಿ ಬೀಸುವ ಕಡೆ ನಾನೂ ಅವ್ವನೂ ಕಂಬಳಿ ಹಿಡಿದು ನಿಂತೆವು. ಅಕ್ಕ ಬೋಗುಣಿಗೆ ಬೆನ್ನು ಕೊಡಲು ಒಪ್ಪಲಿಲ್ಲ. ಕಣ್ಣಿಗೆ ಸೀಗೆಕಾಯಿ ಇಳಿದು ಕೆಂಪಾದರೂ, ಕುದಿಯುವ ನೀರನ್ನೇ ನೋಡುತ್ತ ಕೂತು ಎರೆಸಿಕೊಂಡಳು.